ಬಲಸುತ್ತು, ಎಡಸುತ್ತು

ಮೇಷ್ಟ್ರಾದವನು ನಗೆಪಾಟಲಾಗಲು ಪ್ರತ್ಯೇಕ ಪ್ರಯತ್ನ ಮಾಡಬೇಕಾಗಿಲ್ಲ. ಗಂಭೀರವಾಗಿ ಏನಾದರೂ ಮಾಡಲು ಹೊರಟರೆ ಸಾಕು, ಉಳಿದದ್ದನ್ನು ಊರು ನೋಡಿಕೊಳ್ಳುತ್ತದೆ. ಕೊಡಗು ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ನಾನು ಕಕ್ಕಬೆ ಕಡೆಯ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದೆ. ಆಗಿನ ಕೆಲವು ಪ್ರಸಂಗಗಳಿವು. ನೆನೆದರೆ ಈಗಲೂ ನಗು ಬರುತ್ತದೆ, ಆದರೆ ಆ ನಗು ಪೂರ್ತಿಯಾಗುವುದಿಲ್ಲ.

೧. ಕಳೆದುಹೋದ ದನ

ಶಾಲೆಯ ಹಿಂದೆ ಒಂದು ಹುಲ್ಲುಗುಡ್ಡ. ಸುತ್ತ ಎಲ್ಲ ಕಾಡು, ಕಾಫಿ ತೋಟ. ಇದೊಂದರ ಮೇಲೆ ಮಾತ್ರ ಹೆಸರಿಗೂ ಒಂದು ಮರವಿಲ್ಲ. ಗುಡ್ಡದ ಸೊಂಟದಲ್ಲಿ ಒಂದು ಕಾಲುದಾರಿ. ಶಾಲೆಯ ಹಿತ್ತಲಿನಿಂದ ಹೊರಟರೆ ಮುಕ್ಕಾಲು ಗಂಟೆಯಲ್ಲಿ ಅದೇ ಹಿತ್ತಲಿಗೆ ತಂದು ಬಿಡುತ್ತಿತ್ತು. ಗಣಿತದ ಮೇಷ್ಟ್ರೂ ನಾನೂ ದಿನಾ ಸಂಜೆ ಮಾತಾಡುತ್ತ ಅದನ್ನೊಂದು ಸುತ್ತು ಹಾಕುತ್ತಿದ್ದೆವು.

ಊರಿಗೆ ಇದು ಅರ್ಥವಾಗಲಿಲ್ಲ. ಒಬ್ಬ ಅಜ್ಜ ತಡೆದು ಕೇಳಿದ, "ಎಲ್ಲಿಗೆ ಮೇಷ್ಟ್ರೇ?"

"ಎಲ್ಲಿಗೂ ಇಲ್ಲ ಅಜ್ಜ, ಹೀಗೇ ಒಂದು ಸುತ್ತು."

"ಹೀಗೇ ಅಂದ್ರೆ? ದನ ಕಳೆದುಂಟಾ?"

ಇಲ್ಲವೆಂದರೂ ನಂಬಲಿಲ್ಲ. ಮೂರನೇ ದಿನ ಬೆಳಿಗ್ಗೆ ಒಬ್ಬ ಕಪ್ಪು ಹಸುವೊಂದನ್ನು ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದ. "ಇದಾ ನೋಡಿ ನಿಮ್ಮದು?" ಅಲ್ಲ ಎಂದೆವು. ಅವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ದನದ ಗುರುತಾದರೂ ಉಂಟಾ, ಇಲ್ಲ ಸುಮ್ಮನೆ ಹುಡುಕುದಾ?" ಎಂದ.

೨. ದಾರಿ ಖಾಲಿ

ಮೈಸೂರಿನ ವಿಷಯಕ್ಕೆ ನಮ್ಮ ಸ್ನೇಹ ಕೆಟ್ಟಿತು. ಕೊಡಗು ತನ್ನಷ್ಟಕ್ಕೆ ತಾನಿರಬೇಕಿತ್ತು ಎಂಬುದು ನನ್ನ ವಾದ. "ಇದು ಹೊಂಡ ಮೇಷ್ಟ್ರೇ. ಮೈಸೂರು ಬಾಗಿಲು ತೆಗೆದಿದೆ. ಇನ್ನು ನಾವು ಎಲ್ಲಿಗೂ ಹೋಗಬಹುದು," ಎಂಬುದು ಅವರ ವಾದ. ನಾನು ಅವರನ್ನು ಕೊಡಗಿನ ಅನ್ನ ತಿಂದು ಮೈಸೂರಿನ ತಾಳ ಹಾಕುವವರೆಂದೆ. ಅನ್ನಬಾರದಿತ್ತು. ಮಾತು ನಿಂತಿತು.

ಆದರೆ ಸುತ್ತು ಬಿಡಲು ಇಬ್ಬರಿಗೂ ಹಟ. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಅವರು ಬಲಕ್ಕೆ ಹೊರಟರು, ನಾನು ಎಡಕ್ಕೆ. ಗುಡ್ಡದ ಹಿಂಬದಿಯ ಹಾಸುಬಂಡೆಯ ಹತ್ತಿರ ಇಬ್ಬರೂ ಎದುರುಬದುರಾದೆವು. ಮರುದಿನವೂ ಅಲ್ಲೇ. ಮುಖ ನೋಡಬಾರದಿದ್ದರೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ನನಗೆ ಹೊಳೆಯದಿದ್ದದ್ದು ಸರಿ, ಗಣಿತ ಕಲಿಸುವವರಿಗೂ ಹೊಳೆಯಲಿಲ್ಲವಲ್ಲ!

ಅಲ್ಲಿ ದಾರಿ ಒಬ್ಬರಿಗಷ್ಟೇ ಅಗಲ. ಮಳೆಗಾಲ ಬೇರೆ, ಹುಲ್ಲಿಗೆ ಕಾಲಿಟ್ಟರೆ ಜಿಗಣೆ. ಜಗಳವಿದ್ದರೂ ಮರ್ಯಾದೆ ಬಿಡಬಾರದೆಂದು ನಾನು ಹುಲ್ಲಿಗೆ ಇಳಿದೆ. ಅವರೂ ಆ ಕಡೆ ಇಳಿದರು. ಇಬ್ಬರೂ ಜಿಗಣೆ ಕಚ್ಚಿಸಿಕೊಂಡು ನಿಂತೆವು. ದಾರಿ ಮಾತ್ರ ಖಾಲಿ ಬಿದ್ದಿತ್ತು.

೩. ಕಿವಿ ಇದ್ದವರು

ಹಾಸುಬಂಡೆಯ ಹತ್ತಿರ ಹುಲ್ಲು ಕೊಯ್ಯುವ ಹೆಂಗಸೊಬ್ಬಳು ಇರುತ್ತಿದ್ದಳು. ನಮ್ಮ ವ್ಯವಹಾರವೆಲ್ಲ ಅವಳ ಮೂಲಕ ಸಾಗತೊಡಗಿತು.

"ನಾಳೆ ಇನ್‌ಸ್ಪೆಕ್ಟರ್ ಬರುತ್ತಾರಂತೆ, ಅವರಿಗೆ ಹೇಳಮ್ಮ," ಎಂದು ನಾನು.

ಅವಳು ಎರಡು ಮಾರು ದೂರದಲ್ಲಿದ್ದ ಅವರ ಕಡೆ ತಿರುಗಿ, "ನಾಳೆ ಇನ್‌ಸ್ಪೆಕ್ಟರ್ ಬರ್ತಾರಂತೆ."

"ಗೊತ್ತಾಯಿತು ಅಂತ ಹೇಳಮ್ಮ."

"ಗೊತ್ತಾಯ್ತಂತೆ."

ನಾನು ನೆಗಡಿಯಾಗಿ ಸೀನಿದ ದಿನ, "ಕರಿಮೆಣಸಿನ ಕಷಾಯ ಕುಡಿಯಬೇಕಂತೆ," ಎಂದಳು. ಅದು ಅವರ ಮಾತೆಂದು ತಿಳಿದೂ ನಾನು ಆ ಕಡೆ ನೋಡಲಿಲ್ಲ. ಮನೆಗೆ ಹೋಗಿ ಕಷಾಯ ಮಾತ್ರ ಕುಡಿದೆ.

ಒಂದು ದಿನ ಅವಳು ಕತ್ತಿ ಕೆಳಗಿಟ್ಟಳು. "ಅಲ್ಲ ಮೇಷ್ಟ್ರೇ, ನಿಮಗೆ ಇಬ್ಬರಿಗೂ ಕಿವಿ ಉಂಟಲ್ಲ. ಮಕ್ಕಳದ್ದು ಹಿಂಡ್ಲಿಕ್ಕೆ ಮಾತ್ರವಾ ಅದು?"

೪. ತೆರೆದ ಬಾಗಿಲು

ಬಾಗಿಲು ತೆರೆದದ್ದು ನಿಜವಾಯಿತು, ಮೊದಲು ಹೊರಗೆ ಬಿದ್ದವರು ಅವರೇ. ರಾಯಚೂರಿನ ಕಡೆಗೆ ವರ್ಗ. ಅಲ್ಲಿಯವರೆಗೆ ನಮಗೆ ದೂರದ ವರ್ಗವೆಂದರೆ ಕೊಡಗಿನದೇ ಗಡಿಯ ಕುಟ್ಟ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವರು ಆದೇಶವನ್ನು ಮಡಚಿ ಜೇಬಿಗಿಟ್ಟುಕೊಂಡು ತರಗತಿಗೆ ಹೋದರು. ಆ ನಗುವಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವರ ಕೊನೆಯ ಸಂಜೆ ತಪ್ಪಾಯಿತು ಎಂದು ಹೇಳಿಬಿಡಬೇಕೆಂದು ಹೊರಟೆ. ಎದುರುಬದುರಾಗಿ ನಿಂತರೆ ಮಾತು ಹೊರಡದು, ಹಿಂದಿನಿಂದ ಹೋಗಿ ಜೊತೆಯಾಗಿ ಮೊದಲಿನ ಹಾಗೆ ನಡೆಯುತ್ತ ಹೇಳೋಣವೆಂದು ಅವರ ಬಲಸುತ್ತನ್ನೇ ಹಿಡಿದೆ. ಮುಂದೆ ಹೋಗಿದ್ದಾರೆಂದು ಹೆಜ್ಜೆ ಬಿರುಸು ಮಾಡಿದೆ. ಹಾಸುಬಂಡೆ ದಾಟಿದೆ, ಹಿತ್ತಲಿಗೇ ಬಂದು ಮುಟ್ಟಿದೆ. ಅವರು ಸಿಗಲಿಲ್ಲ. ಕೊನೆಯ ದಿನವೇ ಬರಲಿಲ್ಲವಲ್ಲ ಎಂದು ಸಿಟ್ಟಿನಲ್ಲಿ ಮನೆಗೆ ಹೋದೆ. ಬೆಳಿಗ್ಗೆ ಅವರ ಬಸ್ಸು ಹೊರಟಿತು.

ಮರುಸಂಜೆ ಹುಲ್ಲಿನವಳು ಹೇಳಿದಳು, "ಅವರು ನಿಮ್ಮ ಹಿಂದೆಯೇ ಬಂದರು. ಪೆಟ್ಟಿಗೆ ಕಟ್ಟಿ ಹೊರಡುವಾಗ ತಡವಾಯ್ತಂತೆ. 'ಅವರು ಎದುರು ಬರಲಿಲ್ಲವಾ?' ಅಂತ ಕೇಳಿದರು. ಆಗಲೇ ಹೋದರು, ಹುಲಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿದರು ಅಂದೆ. ಕತ್ತಲಾಗುವವರೆಗೆ ಇಲ್ಲೇ ಕೂತಿದ್ದರು."

ತಮ್ಮ ಮುಖ ನೋಡಲೂ ಇಷ್ಟವಿಲ್ಲದೆ ನಾನು ಓಡಿದೆ ಎಂದುಕೊಂಡೇ ಅವರು ಊರು ಬಿಟ್ಟರು. ಜಗಳವಾದ ಮೇಲೆ ಇಬ್ಬರು ಮೇಷ್ಟ್ರುಗಳು ಒಂದೇ ದಾರಿಗೆ ಬಂದದ್ದು ಅದೊಂದೇ ದಿನ.

೫. ಕೊನೆಯ ವರ್ತಮಾನ

ಕಾಗದ ಬರೆಯಬೇಕೆಂದಿದ್ದೆ. "ಪ್ರಿಯ" ಎನ್ನಲೇ, "ಮಾನ್ಯ" ಎನ್ನಲೇ ಎಂದು ತಿಂಗಳುಗಟ್ಟಲೆ ಯೋಚಿಸಿದೆ. ಅಷ್ಟರಲ್ಲಿ ಹೆಡ್‌ಮಾಸ್ಟರಿಗೆ ಆ ಕಡೆಯಿಂದ ಕಾರ್ಡು ಬಂತು. ಜ್ವರ ಬಂದು ಗಣಿತದ ಮೇಷ್ಟ್ರು ತೀರಿಕೊಂಡಿದ್ದರು.

ಆಮೇಲೆ ನನಗೆ ಎಡಸುತ್ತು ಸಾಧ್ಯವಾಗಲಿಲ್ಲ. ಎಡಕ್ಕೆ ಹೋದರೆ ಹಾಸುಬಂಡೆಯ ಹತ್ತಿರ ಯಾರೂ ಎದುರು ಬರುವುದಿಲ್ಲ. ಬಲಕ್ಕೆ ಹೋದರೆ ಅವರು ಒಂದು ತಿರುವು ಮುಂದಿದ್ದಾರೆ ಎಂದುಕೊಳ್ಳಬಹುದು. ಒಂದು ಸಂಜೆ ಅದೇ ಗುಂಗಿನಲ್ಲಿ ಬಾಯಿಬಿಟ್ಟು ಕೂಗಿಯೇಬಿಟ್ಟೆ, "ಸ್ವಲ್ಪ ನಿಲ್ಲಿ ಮೇಷ್ಟ್ರೇ, ನಾನೂ ಬಂದೆ!"

ತಿರುವು ದಾಟಿದರೆ ಹುಲ್ಲಿನವಳು ಕೂತಿದ್ದಳು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವಳು ನಗಲಿಲ್ಲ. ಕತ್ತಿ ಕೆಳಗಿಟ್ಟು, ಖಾಲಿ ದಾರಿಯ ಕಡೆ ತಿರುಗಿ, ಹಿಂದಿನ ಹಾಗೆಯೇ ಹೇಳಿದಳು, "ಮೇಷ್ಟ್ರೇ, ಸ್ವಲ್ಪ ನಿಲ್ಲಬೇಕಂತೆ. ಇವರೂ ಬರ್ತಾರಂತೆ."

ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ನಿಧಾನವೇ ಬರಬೇಕಂತೆ. ಅವಸರ ಏನೂ ಇಲ್ಲವಂತೆ."