ಕುರ್ಚಿಯಲ್ಲಿ ನೂರ ಎಂಬತ್ತು

ಎದೆಬಡಿತ ಅಳೆಯುವ ಎರಡು ಎದೆಪಟ್ಟಿಗಳು ತೊಳೆದ ಮೇಲೆ ಒಂದೇ ಮೊಳೆಗೆ ನೇತಾಡುತ್ತಿದ್ದವು. ಯಾವುದು ಯಾವ ಪರದೆಗೆ ಎಂದು ತಿಳಿಸುವ ನಂಬರಿನ ಚೀಟಿಗಳು ಸೋಪಿನ ನೀರಿನಲ್ಲಿ ಕಿತ್ತುಹೋಗಿದ್ದವು. ಪ್ರಯೋಗಾಲಯದ ಆಯಾ, ಕೈಗೆ ಸಿಕ್ಕಿದ್ದನ್ನು ಎದುರಿಗೆ ಸಿಕ್ಕವನ ಎದೆಗೆ ಬಿಗಿದು, ತನ್ನ ಕೆಲಸ ಮುಗಿಯಿತೆಂದು ಬಾಗಿಲ ಬಳಿ ನಿಂತಳು.

ಒಂದು ಪಟ್ಟಿ ಏಣಿಯ ಎದೆಗೆ ಬಿತ್ತು. ಏಣಿ ಅಂದರೆ ಎಂಟುನೂರು ಮೀಟರ್ ಓಟಗಾರ. ಅವನ ಉದ್ದ ನೋಡಿ ಜೊತೆಯವರು ಇಟ್ಟ ಹೆಸರು. ಇನ್ನೊಂದು ಕೋಚ್ ಸಾಹೇಬರ ಸೋದರಳಿಯನಿಗೆ. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಮೈದಾನದಲ್ಲಿ ಏಣಿ ಈ ಅಳಿಯನನ್ನು ಮೂರು ಸಲ ಸೋಲಿಸಿದ್ದ. ಆದರೆ ಗಡಿಯಾರವನ್ನು ನಂಬಬಾರದಂತೆ, ವಿಜ್ಞಾನವನ್ನು ನಂಬಬೇಕಂತೆ. ಮೂರನೇ ಸೋಲಿನ ಮಾರನೇ ದಿನವೇ ಕೋಚ್‌ಗೆ ವಿಜ್ಞಾನದ ಮೇಲೆ ಭಕ್ತಿ ಹುಟ್ಟಿತ್ತು.

ಅಳಿಯನನ್ನು ಒಳಕೋಣೆಯಲ್ಲಿ ಓಟದ ಯಂತ್ರ ಹತ್ತಿಸಿದರು. ಏಣಿಯನ್ನು ಹೊರಕೋಣೆಯ ಕುರ್ಚಿಯಲ್ಲಿ ಕೂರಿಸಿದರು. ಸುಮ್ಮನೆ ಕೂತಾಗಲೇ ಎದೆಬಡಿತ ತೊಂಬತ್ತು ದಾಟಿದರೆ ಯಂತ್ರ ಹತ್ತುವಂತಿಲ್ಲ.

ಏಣಿಯ ಮುಂದಿದ್ದ ಪರದೆ ನೂರ ಹತ್ತು ತೋರಿಸಿತು.

"ಏನಪ್ಪಾ, ಓಡ್ಕೊಂಡು ಬಂದ್ಯಾ?" ಡಾಕ್ಟರು ಕೇಳಿದರು.

"ಅರ್ಧ ಗಂಟೆಯಿಂದ ಇಲ್ಲೇ ಕೂತಿದೀನಿ ಸಾರ್."

"ಹಂಗಾದ್ರೆ ಮನಸ್ಸು ಶಾಂತ ಮಾಡ್ಕೋ."

ಮಾಡಿಕೊಂಡ. ಒಳಗೆ ಯಂತ್ರದ ವೇಗ ಏರಿತು. ಪರದೆ ನೂರ ನಲವತ್ತಕ್ಕೆ ಜಿಗಿಯಿತು.

ಕಡತ ಹಿಡಿದು ಬಂದ ಗುಮಾಸ್ತ ಪರದೆಗೆ ಮೂಗು ತಾಗಿಸಿ ನೋಡಿದ. "ನಮ್ಮ ಷಡ್ಡಕನಿಗೂ ಹಿಂಗೇ ಬಂದಿತ್ತು. ಆಮೇಲೆ ಮನುಷ್ಯ ಎದ್ದೇ ಇಲ್ಲ."

"ಕಣ್ಣು ಬಿದ್ದಿದೆ ಕಣಪ್ಪಾ," ಎಂದಳು ಆಯಾ.

ಒಳಗಿನಿಂದ ಕೋಚ್ ದನಿ ಬಂತು: "ಅರ್ಧಕ್ಕೇ ಸ್ಕೂಲ್ ಬಿಟ್ಟೋನು ಡಾಕ್ಟ್ರೇ. ಮೆಷೀನ್ ನೋಡಿ ನಡುಗ್ತಾ ಇರ್ತಾನೆ. ಅವನ್ನ ಬಿಡಿ, ಇಲ್ಲಿ ಬನ್ನಿ. ನಮ್ಮ ಹುಡುಗ ಇಷ್ಟು ಓಡಿದ್ರೂ ಬಡಿತ ಬರೀ ಐವತ್ತೆರಡು."

ಡಾಕ್ಟರು ಓಡಿಹೋಗಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಓಡುತ್ತಿರುವ ಮನುಷ್ಯನಿಗೆ ತೂಕಡಿಸುವವನ ಎದೆ. "ಮೂವತ್ತು ವರ್ಷದ ಸಂಶೋಧನೇಲಿ ಇಂಥದ್ದು ಕಂಡಿಲ್ಲ," ಎಂದು ಅಲ್ಲೇ ವರದಿ ಬರೆದರು. ಗುಮಾಸ್ತ ಅದನ್ನು ಆ ಗಳಿಗೆಯಲ್ಲೇ ಆಯ್ಕೆ ಸಮಿತಿಗೆ ಕಳಿಸಿಬಿಟ್ಟ.

ಏಣಿಗೆ ಮೈಯೆಲ್ಲ ಉರಿದುಹೋಯಿತು. "ಎರಡು ಮೆಟ್ಟಿಲು ಹತ್ತಿದ್ರೆ ನಾಯಿ ಥರ ತೇಕ್ತಾನೆ ಅವ್ನು. ಅವನಿಗೆ ಐವತ್ತೆರಡಂತೆ. ಯಾರ ಕಿವಿಗೆ ಹೂವಿಡ್ತೀರಾ?" ಎಂದು ಗೋಡೆ ಅದುರುವಂತೆ ಕೂಗಿದ.

ಒಳಗಿನ ಪರದೆ ಎಪ್ಪತ್ತಕ್ಕೆ ಏರಿತು. "ಈಗ ಸ್ವಲ್ಪ ಶ್ರಮ ಪಡ್ತಿದಾನೆ, ಪಾಪ," ಎಂದರು ಡಾಕ್ಟರು ಮೆಚ್ಚುಗೆಯಿಂದ. ಆಮೇಲೆ ಹೊರಗೆ ಬಂದು ನೂರ ಎಂಬತ್ತು ನೋಡಿ, ಏಣಿಯ ಹಾಳೆಯ ಮೇಲೆ ಗೀಚಿದರು. "ಎದೆ ದುರ್ಬಲ. ಇನ್ಮೇಲೆ ಬಸ್ಸು ಹಿಡಿಯೋಕೂ ಓಡ್ಬೇಡ."

ಹತ್ತು ವರ್ಷ, ಬೆಳಗಾಗುವ ಮೊದಲೇ ಎದ್ದು, ಉಗುರು ಕಿತ್ತ ಕಾಲಲ್ಲಿ ಓಡಿದ ಓಟವೆಲ್ಲ ಆ ಒಂದು ಗೀಚಿನಲ್ಲಿ ಮುಗಿಯಿತು. ಏಣಿ ಎದೆಪಟ್ಟಿ ಕಿತ್ತು ಮೇಜಿನ ಮೇಲೆ ಬಿಸಾಡಿದ.

ಅವನ ಪರದೆ ಕದಲಲಿಲ್ಲ. ನೂರ ಎಂಬತ್ತು.

ಒಳಗಿನಿಂದ ಕೋಚ್ ಚೀರಿದರು. "ಡಾಕ್ಟ್ರೇ, ಎದೆ ನಿಂತೋಯ್ತು."

"ಮಾವ, ನಾನು ಚೆನ್ನಾಗೇ ಇದೀನಿ," ಅಳಿಯ ಓಡುತ್ತಲೇ ಹೇಳಿದ.

"ಮಾತಾಡ್ಬೇಡ, ನಿನ್ನ ಎದೆ ನಿಂತಿದೆ," ಎಂದು ಗದರುತ್ತ ಡಾಕ್ಟರು ಒಳನುಗ್ಗಿದರು. ಯಂತ್ರ ನಿಲ್ಲಿಸಿ, ಅವನನ್ನು ಕೆಡವಿ, ಚಪಾತಿ ಹಿಟ್ಟು ನಾದಿದಂತೆ ಎದೆ ನಾದತೊಡಗಿದರು. ಅವನು ಸತ್ತೆನೋ ಎಂದು ಕಿರುಚುತ್ತಿದ್ದ. ಅಷ್ಟು ಗಟ್ಟಿಯಾಗಿ ಕಿರುಚುವವನು ಸತ್ತಿರಲಾರನೆಂದು ಯಾರಿಗೂ ಹೊಳೆಯಲಿಲ್ಲ.

ಏಣಿ ಬಿಸಾಡಿದ್ದ ಪಟ್ಟಿ ಎತ್ತಿಕೊಂಡು ಒಳಗೆ ಬಂದ. ಎದೆಗೆ ಒತ್ತಿಕೊಂಡ. ಅಳಿಯನ ಪರದೆಯಲ್ಲಿ ಎಪ್ಪತ್ತೆರಡು ಮೂಡಿತು. ತೆಗೆದ, ಸೊನ್ನೆ. ಮತ್ತೆ ಒತ್ತಿದ, ಎಪ್ಪತ್ತೆರಡು. ಮೂರನೇ ಸಲಕ್ಕೆ ಎಲ್ಲರಿಗೂ ಅರ್ಥವಾಯಿತು. ಆಯಾ ಮೊಳೆಯ ಕಡೆ ನೋಡಿ ಮೆಲ್ಲಗೆ ಜಾಗ ಖಾಲಿ ಮಾಡಿದಳು.

"ಆ ಎದೆ ನಂದು," ಎಂದ ಏಣಿ. "ಜಾಗಾನೂ ನಂದು."

"ಸಮಿತಿಯವರು ಆಗಲೇ ಒಪ್ಪಿ ಫೋನ್ ಮಾಡಿದ್ರಲ್ಲ," ಗುಮಾಸ್ತ ಗೊಣಗಿದ.

ಡಾಕ್ಟರು, ಕೋಚ್ ಮೂಲೆಯಲ್ಲಿ ಗುಸುಗುಸು ಮಾಡಿದರು. ಆಮೇಲೆ ಕೋಚ್ ಬಂದು ಏಣಿಯ ಹೆಗಲ ಮೇಲೆ ಕೈಯಿಟ್ಟರು. "ಬೇಜಾರು ಮಾಡ್ಕೋಬೇಡ ಮಗಾ. ನಿನ್ನೂ ತಂಡಕ್ಕೆ ಸೇರಿಸ್ಕೋತೀವಿ."

"ಓಡೋಕಾ ಸಾರ್?"

"ಓಡೋದು ಇವ್ನೇ. ಆದ್ರೆ ಪ್ರತಿ ಓಟದಲ್ಲೂ ಇವನ ಎದೆಬಡಿತ ನೋಡ್ಬೇಕಂತೆ ಸಮಿತಿಯೋರು. ನೀನು ಪಟ್ಟಿ ಕಟ್ಕೊಂಡು ಮೈದಾನದ ಪಕ್ಕ ಕುರ್ಚೀಲಿ ಕೂತಿದ್ರೆ ಸಾಕು."

ಏಣಿ ಹಲ್ಲು ಕಡಿದ. ಅವನ ಕೈಯಲ್ಲಿದ್ದ ಪಟ್ಟಿಯನ್ನು ಡಾಕ್ಟರು ಮೃದುವಾಗಿ ತೆಗೆದುಕೊಂಡು, ಅವನ ಎದೆಗೆ ತಾವೇ ಕಟ್ಟಿದರು. ಅಳಿಯನ ಪರದೆಯಲ್ಲಿ ಅಂಕಿ ಏರತೊಡಗಿತು.

"ನೋಡಪ್ಪಾ," ಎಂದರು, "ಕೋಪ ಒಂದು ಮಾತ್ರ ಮಾಡ್ಕೋಬಾರ್ದು."