ಗಿರಿಜಾಳ ನಡುಬೆರಳು, ನನ್ನ ಕೋನಮಾಪಕ

ಗಣಿತ ಕಲಿಸುವವರಿಗೆ ಒಂದು ಕೆಟ್ಟ ಚಟವಿರುತ್ತದೆ. ಕಣ್ಣೆದುರು ಕಾಣುವುದಕ್ಕಿಂತ ಬರೆದಿಟ್ಟ ಅಂಕಿಯನ್ನೇ ಹೆಚ್ಚು ನಂಬುತ್ತೇವೆ. ಬೇರೆಯವರ ಮಾತು ಬಿಡಿ, ನನಗಂತೂ ಇದೆ. ಅದರಿಂದ ನನ್ನ ಹೆಂಡತಿ ಗಿರಿಜಾ ಸುಮ್ಮಸುಮ್ಮನೆ ಅತ್ತಳೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಲಕ್ಷ್ಮೇಶ್ವರದ ನಮ್ಮ ಮನೆಯ ತಲೆಬಾಗಿಲು ಗಾಳಿಗೆ ದಢಾರನೆ ಬಡಿದು ಅವಳ ಬಲಗೈ ನಡುಬೆರಳು ಸಂದಿಯಲ್ಲಿ ಸಿಕ್ಕಿತು. ಪಟ್ಟಿ ಬಿಚ್ಚಿದಾಗ ಬೆರಳು ಕೋಲಿನಂತೆ ಸೆಟೆದಿತ್ತು. ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಡುವವಳಿಗೆ ಕತ್ತರಿ ಹಿಡಿಯಲೂ ಆಗಲಿಲ್ಲ. "ದಿನಾ ಬಿಸಿನೀರಾಗ ಇಟ್ಟು ಮಡಚ್ರಿ. ಮಡಚೋ ಡಿಗ್ರಿ ಏರಕೋತ ಹೋಗಬೇಕು. ಮೂರು ವಾರ ಬಿಟ್ಟು ಗದಗಕ್ಕ ಹೋಗಿ ಅಳಸ್ರಿ," ಎಂದರು ಡಾಕ್ಟರು.

ಡಿಗ್ರಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರುವುದುಂಟೇ? ಶಾಲೆಯಿಂದ ಕೋನಮಾಪಕ ತಂದೆ. ದಿನವೂ ಬೆಳಿಗ್ಗೆ ಅವಳ ಬೆರಳು ಮಡಚಿಸಿ, ಅಳೆದು, ಕ್ಯಾಲೆಂಡರಿನಲ್ಲಿ ಬರೆದೆ. ಮೊದಲ ದಿನ ನೂರೈವತ್ತು! ಬೀಗಿದೆ. ಮರುವಾರ ನೂರಮೂವತ್ತು. ಆಮೇಲೆ ನೂರಹದಿನೈದು. ನನ್ನ ಧೈರ್ಯವೂ ಅದರೊಂದಿಗೆ ಇಳಿಯತೊಡಗಿತು.

"ರೀ, ನನಗ ಹಗುರ ಆಗೇತಿ ಅನಸ್ತೈತಿ. ನಿನ್ನೆ ಹಿಟ್ಟು ನಾದಿದ್ನಲ್ಲಾ," ಎಂದಳು ಗಿರಿಜಾ.

"ಅನಸೋದು ಬ್ಯಾರೆ, ಅಂಕಿ ಬ್ಯಾರೆ," ಎಂದೆ.

ಅಂಕಿ ನೂರಕ್ಕೆ ಇಳಿದ ದಿನ ಅವಳು ಹೊಲಿಗೆ ಮಷೀನಿಗೆ ಹಳೇ ಸೀರೆ ಹೊದಿಸಿದಳು. "ಮುಂಡರಗಿ ತಂಗೀಗೆ ಕೊಟ್ಟಬಿಡೂಣು," ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಗದಗದಲ್ಲಿ ವ್ಯಾಯಾಮ ಚಿಕಿತ್ಸೆಯ ಹುಡುಗಿ ಕೋನ ಅಳೆಯುವ ಪುಟ್ಟ ಪಟ್ಟಿಯನ್ನು ಬೆರಳಿನ ಗೆಣ್ಣಿನ ಮೇಲಿಟ್ಟಳು. "ಎಂಬತ್ತು! ಭಾಳ ಛಲೋ ಐತ್ರಿ ಅಕ್ಕಾರ. ಇನ್ನೊಂದು ತಿಂಗಳಿಗೆ ಪೂರಾ ಮಡಚತೈತಿ."

ನಾನು ಕ್ಯಾಲೆಂಡರಿನ ಹಾಳೆ ತೆಗೆದು ಮುಂದಿಟ್ಟೆ. "ದಿನಾ ಇಳಕೋತ ಬಂದೈತಲ್ಲವಾ?"

ಅವಳು ಅದನ್ನು ನೋಡಿ ನಗು ತಡೆದುಕೊಂಡಳು. "ಸರ, ಬೆರಳು ನೆಟ್ಟಗಿದ್ದಾಗ ಸೊನ್ನಿ ಹಿಡೀಬೇಕ್ರಿ. ನೀವು ನೂರಾಎಂಬತ್ತು ಹಿಡದೀರಿ. ನಿಮ್ಮ ಲೆಕ್ಕದಾಗ ಇಳದಷ್ಟೂ ಬೆರಳು ಮಡಚೈತಿ. ನಿಮ್ಮ ನೂರು ಅಂದ್ರ ನಮ್ಮ ಎಂಬತ್ತು."

ಗಿರಿಜಾ ಮುಷ್ಟಿ ಮಾಡಿ ನೋಡಿದಳು, ಬಿಚ್ಚಿದಳು, ಮತ್ತೆ ಮಾಡಿದಳು. ಅಳುತ್ತಲೇ ನಕ್ಕಳು. ನನಗೂ ಎಷ್ಟೋ ದಿನಗಳ ಮೇಲೆ ಉಸಿರು ಸರಾಗವಾಯಿತು. ಅಷ್ಟರಲ್ಲಿ ಆ ಹುಡುಗಿ, "ನನ್ನ ಗುರ್ತು ಸಿಗಲಿಲ್ಲೇನ್ರಿ ಸರ? ಶಿಗ್ಲಿ ಸಾಲ್ಯಾಗ ನನಗ ಕೋನ ಅಳಿಯಾಕ ಕಲಿಸಿದವ್ರು ನೀವ!" ಎಂದಳು.

ನಾನು ಹೆಮ್ಮೆಯಿಂದ ಎದೆಯುಬ್ಬಿಸುತ್ತಿದ್ದೆ. ಗಿರಿಜಾಳ ನಗು ಮಾತ್ರ ಗಕ್ಕನೆ ನಿಂತಿತು. ಬೆರಳನ್ನು ಮತ್ತೆ ಮುಂದೆ ಚಾಚಿದಳು.

"ಇವರ ಕಡೆ ಕಲ್ತಿಯೇನವಾ? ಹಂಗಾದ್ರ ಇನ್ನೊಮ್ಮಿ ಅಳದು ನೋಡು, ನಮ್ಮವ್ವಾ."