ಮಾವನ ರಿಪೇರಿ, ಬ್ಯಾಕ್ಟೀರಿಯಾ ಪದ್ಧತಿ

ಒಡೆದ ವಸ್ತುವನ್ನು ನನ್ನ ಸೋದರಮಾವನ ಕೈಗೆ ಕೊಟ್ಟರೆ ಅವರು ಮೊದಲು ಮಾಡುವ ಕೆಲಸವೆಂದರೆ ಅದನ್ನು ಇನ್ನಷ್ಟು ಒಡೆಯುವುದು! ಹಾಗಾಗಿ ಹೋದ ವರ್ಷ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಸ್ಟ್ರೋಕ್ ಆಗಿ ಮಾತು ತುಂಡುತುಂಡಾದಾಗ, ಮಾತು ಮರಳೀತೇ ಎಂಬ ಚಿಂತೆಯ ಜೊತೆಗೆ, ಅದನ್ನೂ ಈ ಪುಣ್ಯಾತ್ಮ ರಿಪೇರಿ ಮಾಡಲು ಹೊರಟರೆ ಗತಿಯೇನು ಎಂಬ ಚಿಂತೆಯೂ ನಮಗೆ ಹತ್ತಿಕೊಂಡಿತು.

ತಪ್ಪು ಮಾವನದಲ್ಲ, ಬ್ಯಾಕ್ಟೀರಿಯಾದ್ದು. ಮದರಾಸಿನಲ್ಲಿ ಅಡ್ಯಾರಿನ ಕಡೆಯ ಒಂದು ಲ್ಯಾಬಿನಲ್ಲಿ ಮೂವತ್ತು ವರ್ಷ ಅವುಗಳ ಸಹವಾಸ ಮಾಡಿದವರು. ಬೇಸಿಗೆ ರಜೆಗೆ ಮೈಲಾಪೂರಿನ ಅವರ ಫ್ಲ್ಯಾಟಿಗೆ ಹೋದಾಗಲೆಲ್ಲ ನಮಗೆ ಅದೇ ಪಾಠ. ಬ್ಯಾಕ್ಟೀರಿಯಾದ ಡಿಎನ್‌ಎ ಎರಡು ತುಂಡಾಯಿತು ಅನ್ನಿ. ನಾವಾಗಿದ್ದರೆ ತುದಿಗೆ ತುದಿ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದೆವು. ಅದು ಹಾಗಲ್ಲ, ಮೊದಲು ಹರಿದ ತುದಿಗಳನ್ನು ತಾನೇ ಇನ್ನಷ್ಟು ಕಡಿದುಹಾಕುತ್ತದೆ. ಎರಡೆಳೆಯಲ್ಲಿ ಒಂದೆಳೆ ಮಾತ್ರ ಚಾಚಿಕೊಂಡು ಉಳಿಯುತ್ತದೆ. ಆ ಎಳೆ ಡಿಎನ್‌ಎಯ ಇನ್ನೊಂದು ಪ್ರತಿಯನ್ನು ಹುಡುಕಿಕೊಂಡು ಹೋಗಿ, ತನ್ನಂಥದೇ ಸಾಲು ಸಿಕ್ಕಲ್ಲಿ ಪಕ್ಕಕ್ಕೆ ಕೂತು, ಕಳೆದದ್ದನ್ನು ನೋಡಿ ಬರೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ನಾವು ಇದನ್ನೇ ಮಾಡಿದ್ದರೆ ಹೊರಗೆ ಹಾಕುತ್ತಿದ್ದರು!

ಮನೆಯಲ್ಲೂ ಮಾವನದು ಇದೇ ಪದ್ಧತಿ. ಒಮ್ಮೆ ಬೆತ್ತದ ಕುರ್ಚಿಯಲ್ಲಿ ಅಂಗೈಯಗಲದ ತೂತಾಗಿತ್ತು. ಕೆಟ್ಟ ಎಳೆಗಳೆಲ್ಲ ಹೋಗಲಿ ಎಂದು ಮಾವ ಕತ್ತರಿಸುತ್ತ ಹೋದರು. ಸಂಜೆ ಬಂದ ಮನೆ ಓನರ್ ಕುರ್ಚಿಯ ಮೇಲೆ ಕೂರಲಿಲ್ಲ, ಕುರ್ಚಿಯ ಒಳಗೆ ಕೂತರು!

ಇನ್ನೊಮ್ಮೆ ಸಿಂಕಿನ ಪೈಪು ಸೋರಿತು. ಮಾವ ಸೋರುವ ತುಂಡಿನ ಜೊತೆ ಸೋರದ ತುಂಡನ್ನೂ ಗರಗಸದಲ್ಲಿ ಕೊಯ್ದು, ಟಾರ್ಚ್ ಹಿಡಿದು ಮೇಲಿನ ಮನೆಗೆ ಹೊರಟರು. ಎಲ್ಲ ಫ್ಲ್ಯಾಟಿನ ನಕ್ಷೆ ಒಂದೇ ತಾನೇ? ಅಲ್ಲಿನ ತಮಿಳು ಮಾಮಿಯ ಸಿಂಕಿನ ಕೆಳಗೆ ಅಂಗಾತ ಮಲಗಿ ಅರ್ಧ ಗಂಟೆ ಅಧ್ಯಯನ. ಮಾಮಿ ಕೆಳಗಿಳಿದು ಬಂದು, ನಿಮ್ಮ ಯಜಮಾನರಿಗೆ ಮೈ ಸರಿಯಿದೆಯಾ ಎಂದು ತಮಿಳಿನಲ್ಲಿ ಅತ್ತೆಯನ್ನು ಮೆಲ್ಲಗೆ ವಿಚಾರಿಸಿದರು. ರಿಪೇರಿ ಮುಗಿಯಿತು. ಮಾಮಿಯ ಪೈಪು ಎಲ್ಲಿ ಜಿನುಗುತ್ತಿತ್ತೋ ಸರಿಯಾಗಿ ಅಲ್ಲೇ ನಮ್ಮದೂ ಜಿನುಗತೊಡಗಿತು! "ನೋಡಿದ್ಯಾ, ನಕಲು ಅಂದ್ರೆ ಹೀಗಿರ್ಬೇಕು" ಎಂದು ಮಾವ ಬೀಗಿದರು.

ಅತ್ತೆಯ ಹತ್ತಿರ ಒಂದು ಕಥೆಯಿತ್ತು. ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದ ಮೊದಲ ದಿನದ್ದು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದದ್ದು, ಆ ಸೆಖೆ, ಗೊತ್ತಿಲ್ಲದ ಭಾಷೆ, ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಕಣ್ಣೀರು ಹಾಕಿದ್ದು. ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಸ್ಟ್ರೋಕ್ ಆದಮೇಲೆ ಆ ಕಥೆ ಸೆಂಟ್ರಲ್‌ಗೆ ಬಂದು ನಿಂತುಬಿಡುತ್ತಿತ್ತು. ಸೆಖೆಯಾ, ಟ್ಯಾಕ್ಸಿಯಾ ಎಂದು ನಾವು ಒಂದೊಂದೇ ಪದ ಎಸೆಯುತ್ತಿದ್ದೆವು. ಅತ್ತೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

"ಅಂಟಿಸ್ಬೇಡ್ರೋ" ಎಂದರು ಮಾವ. ಅತ್ತೆಯ ಪಕ್ಕ ಕೂತು, "ಸೆಂಟ್ರಲ್ ಬಿಟ್ಟುಬಿಡು. ಮೈಸೂರಲ್ಲಿ ರೈಲು ಹತ್ತಿದ್ವಲ್ಲ, ಅಲ್ಲಿಂದ ಬಾ" ಎಂದರು. ಅತ್ತೆಗೆ ಗಟ್ಟಿಯಾಗಿ ನೆನಪಿದ್ದಲ್ಲಿಂದ ಇಬ್ಬರೂ ಒಟ್ಟಿಗೆ ಹೇಳುತ್ತ ಬರುವುದು. ಅತ್ತೆ ತಡೆದಲ್ಲಿ ಮಾವ ಎರಡು ಮಾತು ಮುಂದೆ ಹೋಗುವುದು. ಅತ್ತೆ ಅದನ್ನು ಹಿಡಿದು ಬರುವುದು. ದಿನಾ ಸಂಜೆ ಕಾಫಿಯಾದಮೇಲೆ, ಏಳು ತಿಂಗಳು. ಆ ದಿನದ ಇನ್ನೊಂದು ಪ್ರತಿ ಲೋಕದಲ್ಲಿ ಅವರೊಬ್ಬರ ಹತ್ತಿರವೇ ಇದ್ದದ್ದು.

ಮೊನ್ನೆ ಭಾನುವಾರ, ಅದೇ ಊರಲ್ಲಿ ಈಗ ನಾನಿರುವ ಪೆರುಂಗುಡಿಯಿಂದ ಅವರ ಮನೆಗೆ ಹೋಗಿದ್ದೆ. ಅತ್ತೆ ನನ್ನನ್ನು ಕೂರಿಸಿಕೊಂಡು ತಾವಾಗಿಯೇ ಶುರುಮಾಡಿದರು. ನಿಧಾನವಾಗಿಯೇ ಆದರೂ ಕಥೆ ಸೆಂಟ್ರಲ್ ದಾಟಿತು. ಸೆಖೆ ಬಂತು, ಟ್ಯಾಕ್ಸಿ ಬಂತು, ಕಣ್ಣೀರೂ ಬಂತು. ಆಮೇಲೆ ಬಂದದ್ದು ನಾನು ಎಂದೂ ಕೇಳಿರದ ಮಾತು.

"ಇವರಿಗೂ ಭಯ ಆಗಿತ್ತಂತೆ ಕಣೋ. ನಾನು ವಾಪಸ್ ಹೋಗ್ಬಿಡ್ತೀನಿ ಅಂತ. ಟ್ಯಾಕ್ಸಿಲಿ ನನ್ನ ಸೆರಗಿನ ತುದಿ ಹಿಡ್ಕೊಂಡೇ ಕೂತಿದ್ರಂತೆ. ನಂಗೆ ಗೊತ್ತೇ ಇರ್ಲಿಲ್ಲ."

ಐವತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು! ಮಾವ ಸಿಕ್ಕಿಬಿದ್ದವರಂತೆ ಫ್ಯಾನ್ ನೋಡುತ್ತಿದ್ದರು. ಅತ್ತೆ ನಗುತ್ತ, ಸೆರಗಿನ ತುದಿಯನ್ನು ತೆಗೆದು ಅವರ ಕೈಗೆ ಕೊಟ್ಟರು.